ಬಾಲ್‌ರೂಮಿನಿಂದ ಪಬ್ಬಿನ ಹಿಂಗೋಣೆಗೆ: ಐರಿಷ್ ಇಂಡಿ ಬ್ಯಾಂಡುಗಳು ಬೆಳೆದ ಬಗೆ

ಐರ್ಲೆಂಡಿನ ಸಂಗೀತ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ನಾಲ್ಕೈದು ಹೆಸರುಗಳು: ಯು2, ಕ್ರ್ಯಾನ್‌ಬೆರೀಸ್, ಶಿನೇಡ್ ಒ'ಕಾನರ್, ಎನ್ಯಾ, ಈಚೆಗೆ ಫಾಂಟೇನ್ಸ್ ಡಿ.ಸಿ. ಇವರಾಚೆಗೂ ಆ ದ್ವೀಪದ ಸಣ್ಣಪುಟ್ಟ ಊರುಗಳಲ್ಲಿ ಸ್ವಂತ ಹಾಡು ಕಟ್ಟಿ, ಕೈಯಿಂದ ಖರ್ಚು ಹಾಕಿಯೋ ಊರಿನ ಪುಟ್ಟ ಲೇಬಲ್ಲೊಂದರ ಆಸರೆಯಲ್ಲೋ ಆಲ್ಬಮ್ ಹೊರತರುವ ಹತ್ತಾರು ಇಂಡಿ, ಅಂದರೆ ಸ್ವತಂತ್ರ, ಬ್ಯಾಂಡುಗಳಿವೆ. ಬ್ರಿಟನ್ನಿಗೆ ಸೇರಿದ ಉತ್ತರ, ಸ್ವತಂತ್ರ ಗಣರಾಜ್ಯವಾದ ದಕ್ಷಿಣ ಎರಡೂ ಸೇರಿ ಸುಮಾರು 70 ಲಕ್ಷ ಜನರಿರುವ ನಾಡಿನಲ್ಲಿ ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: ಐರಿಷರ ರಕ್ತದಲ್ಲೇ ಹಾಡಿದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. 1960ರ ದಶಕದಲ್ಲಿ ಆ ದೇಶದ ಉದ್ದಗಲಕ್ಕೂ ವಾರದ ಹೆಚ್ಚಿನ ರಾತ್ರಿಗಳಲ್ಲಿ ನೂರಾರು ಬ್ಯಾಂಡುಗಳು ನುಡಿಸುತ್ತಿದ್ದವು. ರಕ್ತವೇ ಹಾಡು ಬರೆಯುವುದಾಗಿದ್ದರೆ ಆ ಕಾಲ ಸ್ವಂತ ಹಾಡುಗಳ ಸುಗ್ಗಿಯಾಗಬೇಕಿತ್ತು. ಹಾಗಾಗಲಿಲ್ಲ. ಬ್ಯಾಂಡು ನುಡಿಸುವ ಕೋಣೆ ಎಂಥದು, ಅದರ ಯಜಮಾನ ಯಾರು, ಟಿಕೆಟ್ ಕೊಂಡು ಬಂದವರು ಏನನ್ನು ಬಯಸಿ ಬಂದಿದ್ದಾರೆ ಎಂಬ ಮೂರು ಸಂಗತಿಗಳೇ ಹಾಡಿನ ಸ್ವರೂಪವನ್ನು ತೀರ್ಮಾನಿಸುತ್ತವೆ. ಐರ್ಲೆಂಡಿನ ಕಳೆದ ತೊಂಬತ್ತು ವರ್ಷಗಳ ಚರಿತ್ರೆ ಇದಕ್ಕೆ ಸಾಕ್ಷಿ. ಇಂದಿನ ಅಲ್ಪಪರಿಚಿತ ಬ್ಯಾಂಡುಗಳನ್ನು ಕೇಳಿ ಎಂದು ಶಿಫಾರಸು ಮಾಡುವ ಮೊದಲು ಆ ಚರಿತ್ರೆಯನ್ನು ಹೇಳಬೇಕಾದದ್ದೂ ಅದಕ್ಕಾಗಿಯೇ.

1935ರಲ್ಲಿ ಐರಿಷ್ ಸರ್ಕಾರ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆಯನ್ನು ತಂದಿತು. ಹಳ್ಳಿಯ ಮನೆಗಳಲ್ಲೂ ಕೂಡುರಸ್ತೆಗಳಲ್ಲೂ ನಡೆಯುತ್ತಿದ್ದ ಕುಣಿತದಿಂದ ಯುವಜನರ ನಡತೆ ಕೆಡುತ್ತದೆ ಎಂದು ಕ್ಯಾಥೊಲಿಕ್ ಪಾದ್ರಿಗಳು ವರ್ಷಗಟ್ಟಲೆ ಒತ್ತಾಯಿಸಿದ್ದರ ಫಲ ಅದು. ಅಲ್ಲಿಂದ ಮುಂದೆ ಸಾರ್ವಜನಿಕ ಕುಣಿತಕ್ಕೆ ಜಿಲ್ಲಾ ನ್ಯಾಯಾಲಯದ ಪರವಾನಗಿ ಕಡ್ಡಾಯವಾಯಿತು. ಕುಣಿತ ನಿಲ್ಲಲಿಲ್ಲ, ಜಾಗ ಬದಲಿಸಿತು. ಅಡುಗೆಮನೆಯ ಕಲ್ಲುಹಾಸಿನಿಂದ ಚರ್ಚಿನ ಹಾಲ್‌ಗಳಿಗೆ, ಮುಂದೆ ಖಾಸಗಿ ಮಾಲೀಕರ ದೊಡ್ಡ ಬಾಲ್‌ರೂಮುಗಳಿಗೆ ಅದು ಸರಿಯಿತು. ಐವತ್ತರ ದಶಕದ ಕೊನೆಗೆ ಈ ಬಾಲ್‌ರೂಮುಗಳು ದೊಡ್ಡ ವ್ಯಾಪಾರವಾಗಿದ್ದವು. ಮುಂದೆ ಪ್ರಧಾನಿಯಾದ ಆಲ್ಬರ್ಟ್ ರೆನಾಲ್ಡ್ಸ್ ಅಣ್ಣನ ಜೊತೆ ಸೇರಿ ಸಂಪತ್ತು ಗಳಿಸಿದ್ದು ಇವುಗಳ ಸರಪಳಿಯಿಂದಲೇ. ಸಾವಿರಾರು ಜನ ಸೇರುತ್ತಿದ್ದ ಆ ಸಭಾಂಗಣಗಳಲ್ಲಿ ಮದ್ಯ ಮಾರುವಂತಿರಲಿಲ್ಲ, ಸೋಡಾ ಮತ್ತು ಚಹಾ ಮಾತ್ರ. ಬಂದವರಿಗೆ ಬೇಕಾಗಿದ್ದುದು ಜೊತೆಗಾರರು, ಮತ್ತು ಆ ವಾರ ರೇಡಿಯೊದಲ್ಲಿ ಕೇಳಿದ ಹಾಡು. ಅದನ್ನು ಒದಗಿಸಲು ಹುಟ್ಟಿಕೊಂಡದ್ದು ಶೋಬ್ಯಾಂಡ್: ಒಂದೇ ಬಣ್ಣದ ಸೂಟು ತೊಟ್ಟ ಏಳೆಂಟು ಜನ, ಗಿಟಾರು ಡ್ರಮ್ಮುಗಳ ಜೊತೆ ಟ್ರಂಪೆಟ್, ಸ್ಯಾಕ್ಸೊಫೋನ್. ಸ್ಟ್ರಬ್ಯಾನ್ ಊರಿನ ಕ್ಲಿಪ್ಪರ್ ಕಾರ್ಲ್ಟನ್ ಈ ಬಗೆಗೆ ಮೇಲ್ಪಂಕ್ತಿ ಹಾಕಿತು. ವಾಟರ್‌ಫರ್ಡಿನ ರಾಯಲ್ ಶೋಬ್ಯಾಂಡ್ ಅದನ್ನು ಶಿಖರಕ್ಕೇರಿಸಿತು. ಲೆಂಟ್ ಉಪವಾಸದ ವಾರಗಳಲ್ಲಿ ಬಾಲ್‌ರೂಮುಗಳು ಬಾಗಿಲು ಹಾಕುತ್ತಿದ್ದುದರಿಂದ ಇದೇ ಬ್ಯಾಂಡುಗಳು ಇಂಗ್ಲೆಂಡಿಗೆ ಹೋಗಿ, ಅಲ್ಲಿ ದುಡಿಯುತ್ತಿದ್ದ ಐರಿಷ್ ವಲಸಿಗರ ಹಾಲ್‌ಗಳಲ್ಲಿ ನುಡಿಸುತ್ತಿದ್ದವು.

ಶೋಬ್ಯಾಂಡಿನ ಕಲಾವಿದರನ್ನು ಹಗುರವಾಗಿ ಕಾಣಬಾರದು. ರಾತ್ರಿಯಿಡೀ ನುಡಿಸಿ, ವ್ಯಾನಿನಲ್ಲಿ ನಿದ್ದೆ ಮಾಡಿ, ಮರುದಿನ ಮತ್ತೊಂದು ಜಿಲ್ಲೆಯಲ್ಲಿ ನಿಲ್ಲುತ್ತಿದ್ದ ಅವರಲ್ಲಿ ಅಸಾಧಾರಣ ಕೈಗಳಿದ್ದವು. ಬೆಲ್‌ಫಾಸ್ಟಿನ ವ್ಯಾನ್ ಮಾರಿಸನ್ ಪಳಗಿದ್ದು ಮೊನಾರ್ಕ್ಸ್ ಎಂಬ ಶೋಬ್ಯಾಂಡಿನಲ್ಲಿ. ಕಾರ್ಕ್ ನಗರದ ರೋರಿ ಗ್ಯಾಲಘರ್ 1963ರಲ್ಲಿ, ಇನ್ನೂ ಹದಿನೈದರ ಹುಡುಗ, ಕ್ರೌಲಿ ಎಂಬ ಅಂಗಡಿಯಿಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಸಾಲದ ಮೇಲೆ ಕೊಂಡ. ಆ ಸಾಲ ತೀರಿಸುವ ಭರವಸೆ ಶೋಬ್ಯಾಂಡಿನ ಸಂಬಳವೇ ಆಗಿತ್ತು. ಆ ಗಿಟಾರನ್ನು ಮೊದಲು ತರಿಸಿದ್ದು ರಾಯಲ್ ಶೋಬ್ಯಾಂಡಿನ ಜಿಮ್ ಕಾನ್ಲನ್, ಬೇಕಾದ ಕೆಂಪು ಬಣ್ಣದ್ದು ಬರಲಿಲ್ಲವೆಂದು ಅದನ್ನು ಬಿಟ್ಟುಕೊಟ್ಟರು ಎಂಬ ಕಥೆ ಐರಿಷ್ ಸಂಗೀತಲೋಕದಲ್ಲಿ ಪ್ರಸಿದ್ಧ. ಕೊರತೆ ಇದ್ದದ್ದು ಪ್ರತಿಭೆಗಲ್ಲ. ಎರಡು ಸಾವಿರ ಜನರನ್ನು ಕುಣಿಸಬೇಕಾದ ಮಾಲೀಕನಿಗೆ ಯಾರೂ ಕೇಳದ ಹಾಡು ನಷ್ಟದ ಬಾಬತ್ತು. ಹೊಸ ಹಾಡಿಗೆ ಜನ ಮೊದಲು ನಿಂತು ಕೇಳುತ್ತಾರೆ. ನೃತ್ಯಶಾಲೆಯಲ್ಲಿ ಜನ ನಿಂತರೆ ವ್ಯಾಪಾರವೇ ನಿಂತಂತೆ. ಹೀಗಾಗಿ ಸ್ವಂತ ಹಾಡು ಬರೆಯುವ ಆಸೆ ಇದ್ದವರು ಆ ವ್ಯವಸ್ಥೆಯಿಂದ ಹೊರಬಿದ್ದರು: ಮಾರಿಸನ್ ದೆಮ್ ಗುಂಪಿಗೆ ಸೇರಿದರು, ಗ್ಯಾಲಘರ್ 1966ರಲ್ಲಿ ಟೇಸ್ಟ್ ಕಟ್ಟಿದರು. ಅದೇ ಬಾಲ್‌ರೂಮುಗಳಿಗೆ ಸ್ವಂತ ಹಾಡು ಹೊತ್ತು ಮರಳಿ ನುಗ್ಗಿದವರು ಹಾರ್ಸ್‌ಲಿಪ್ಸ್. ಡಬ್ಲಿನ್ನಿನ ಜಾಹೀರಾತು ಕಂಪನಿಯೊಂದರಲ್ಲಿ ಪರಿಚಯವಾದ ಗೆಳೆಯರು ಕಟ್ಟಿದ ಈ ಬ್ಯಾಂಡು ಲಂಡನ್ ಕಂಪನಿಗಳಿಗೆ ಕಾಯದೆ ಓಟ್ಸ್ ಎಂಬ ತನ್ನದೇ ಲೇಬಲ್ ತೆರೆದು 1972ರಲ್ಲಿ ಮೊದಲ ಆಲ್ಬಮ್ ತಂದಿತು. ಕನ್ಸರ್ಟೀನಾ ವಾದ್ಯದ ಆಕಾರಕ್ಕೆ ಕತ್ತರಿಸಿದ ಅದರ ಎಂಟು ಮೂಲೆಯ ಹೊದಿಕೆ, ಹಾಡಿನಷ್ಟೇ ಅದರ ರೂಪದ ಹಕ್ಕೂ ಬ್ಯಾಂಡಿನದೇ ಎಂದು ಸಾರಿತು. ಐರ್ಲೆಂಡಿನ ಸ್ವತಂತ್ರ ಧ್ವನಿಮುದ್ರಣದ ಕಥೆಯನ್ನು ಇಲ್ಲಿಂದ ಆರಂಭಿಸುವುದು ನ್ಯಾಯ.

ಶೋಬ್ಯಾಂಡ್ ವ್ಯಾಪಾರ ಕುಸಿದದ್ದಕ್ಕೆ ಒಂದು ಕಾರಣ ಆರ್ಥಿಕವಾದದ್ದು. ಮದ್ಯದ ಪರವಾನಗಿ ಇದ್ದ ಹೋಟೆಲುಗಳು ಡಿಸ್ಕೊ ಶುರುಮಾಡಿದ ಮೇಲೆ ಸೋಡಾ ಮಾರುವ ಹಾಲ್‌ಗಳಿಗೆ ಜನ ಬರಲಿಲ್ಲ. ಮತ್ತೊಂದು ಕಾರಣ ಘೋರವಾದದ್ದು. 1975ರ ಜುಲೈ 31ರ ಬೆಳಗಿನ ಜಾವ, ಉತ್ತರ ಐರ್ಲೆಂಡಿನಲ್ಲಿ ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿದ್ದ ಮಿಯಾಮಿ ಶೋಬ್ಯಾಂಡಿನ ವ್ಯಾನನ್ನು ಸೇನೆಯ ತಪಾಸಣೆಯ ಸೋಗಿನಲ್ಲಿ ಯುವಿಎಫ್ ಎಂಬ ಪ್ರೊಟೆಸ್ಟೆಂಟ್ ಸಶಸ್ತ್ರ ಗುಂಪಿನ ಬಂದೂಕುಧಾರಿಗಳು ತಡೆದು ನಿಲ್ಲಿಸಿದರು. ಮೂವರು ಕಲಾವಿದರು ಹತರಾದರು. ಬ್ಯಾಂಡಿನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಇದ್ದರು. ಗಡಿ ದಾಟಿ ಎರಡೂ ಸಮುದಾಯಗಳಿಗೆ ನುಡಿಸುವ ಕಸುಬು ಆ ರಾತ್ರಿಯಿಂದ ಜೀವಭಯದ ಕೆಲಸವಾಯಿತು. ಹೊರಗಿನ ಪ್ರಸಿದ್ಧ ಬ್ಯಾಂಡುಗಳೂ ಬೆಲ್‌ಫಾಸ್ಟಿನತ್ತ ತಲೆಹಾಕದ ಆ ವರ್ಷಗಳಲ್ಲಿ, ಬಾಂಬುಗಳಿಂದ ಜರ್ಜರಿತವಾಗಿದ್ದ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ಟೆರಿ ಹೂಲಿ ಗುಡ್ ವೈಬ್ರೇಷನ್ಸ್ ಎಂಬ ರೆಕಾರ್ಡ್ ಅಂಗಡಿ ಇಟ್ಟರು. ಅದೇ ನಗರದ ಹಾರ್ಪ್ ಬಾರಿನಲ್ಲಿ ಎರಡೂ ಕಡೆಯ ಹುಡುಗ ಹುಡುಗಿಯರು ಪಂಕ್ ಕೇಳಲು ಕೂಡುತ್ತಿದ್ದರು. ಊರಿನ ಪಂಕ್ ಬ್ಯಾಂಡುಗಳ ಹಾಡುಗಳನ್ನು ಯಾರೂ ಮುದ್ರಿಸುತ್ತಿಲ್ಲ ಎಂದು ಕಂಡ ಹೂಲಿ 1978ರಲ್ಲಿ ಅಂಗಡಿಯ ಹೆಸರಲ್ಲೇ ಲೇಬಲ್ ಆರಂಭಿಸಿದರು. ಮೊದಲ ಸಿಂಗಲ್ ರೂಡಿ ಬ್ಯಾಂಡಿನದು. ಅದೇ ವರ್ಷ ಡೆರಿ ಊರಿನ ಅಂಡರ್‌ಟೋನ್ಸ್ ಹುಡುಗರ 'ಟೀನೇಜ್ ಕಿಕ್ಸ್' ಬಂತು. ಆ ಸಿಂಗಲ್‌ಗಳ ಹೊದಿಕೆ ಅಂಟಿಸಿದ ರಟ್ಟಿನದಲ್ಲ; ದೊಡ್ಡ ಕಾಗದದ ಹಾಳೆಯೊಂದನ್ನು ಮಡಿಸಿ ಮಡಿಸಿ ಲಕೋಟೆಯಂತೆ ಮಾಡಿದ್ದು. ಬಿಡಿಸಿದರೆ ಗೋಡೆಗೆ ಅಂಟಿಸುವ ಪೋಸ್ಟರ್. ಬಡತನವೇ ಅಲ್ಲಿ ವಿನ್ಯಾಸವಾಗಿತ್ತು. ಬಿಬಿಸಿಯ ಜಾನ್ ಪೀಲ್ 'ಟೀನೇಜ್ ಕಿಕ್ಸ್' ಹಾಡನ್ನು ಬೆನ್ನುಬೆನ್ನಿಗೆ ಎರಡು ಸಲ ಪ್ರಸಾರ ಮಾಡಿದರು. ಕೆಲವೇ ವಾರಗಳಲ್ಲಿ ಅಮೆರಿಕದ ಸೈರ್ ಕಂಪನಿ ಬ್ಯಾಂಡಿನೊಡನೆ ಒಪ್ಪಂದ ಮಾಡಿಕೊಂಡಿತು. ಎಲ್ಲರೂ ಹೇಳುವುದು ಪೀಲ್ ಅವರ ಔದಾರ್ಯದ ಕಥೆ. ಆದರೆ ಪೀಲ್ ಕೈಗೆ ಬರಲು ಆ ರೆಕಾರ್ಡು ಮೊದಲು ಮುದ್ರಣವಾಗಬೇಕಿತ್ತು. ಒಂದು ಬಾರು, ಒಂದು ಅಂಗಡಿ, ಒಂದು ಲೇಬಲ್ ಸೇರಿ ಆ ಕೆಲಸ ಮಾಡಿದ್ದವು.

ದಕ್ಷಿಣದಲ್ಲೂ ಅದೇ ಹೊತ್ತಿಗೆ ಈ ಕೊಂಡಿಗಳು ಕೂಡಿಕೊಂಡವು. 1977ರಲ್ಲಿ ಡಬ್ಲಿನ್ನಿನಿಂದ ಹಾಟ್ ಪ್ರೆಸ್ ಪತ್ರಿಕೆ ಹೊರಟಿತು. 1979ರಲ್ಲಿ ಆರಂಭವಾದ, ರಾಷ್ಟ್ರೀಯ ಪ್ರಸಾರ ಸಂಸ್ಥೆ ಆರ್‌ಟಿಇಯ ಎರಡನೇ ರೇಡಿಯೊ ವಾಹಿನಿಯಲ್ಲಿ ಡೇವ್ ಫ್ಯಾನಿಂಗ್ ರಾತ್ರಿಯ ಹೊತ್ತು ಸ್ಥಳೀಯ ಬ್ಯಾಂಡುಗಳಿಗೆ ಜಾಗ ಕೊಟ್ಟರು. ಯು2ರ ಮೊದಲ ರೆಕಾರ್ಡಿನಲ್ಲಿ ಯಾವ ಹಾಡು ಮುಂದಿರಬೇಕೆಂದು ಆರಿಸಿದ್ದು ಅವರ ಕೇಳುಗರೇ. ಗೆದ್ದ ಮೇಲೆ ಯು2 ಕೂಡ 1984ರಲ್ಲಿ ಮದರ್ ಎಂಬ ಲೇಬಲ್ ಸ್ಥಾಪಿಸಿ ಹೊಸಬರ ಮೊದಲ ಸಿಂಗಲ್‌ಗಳನ್ನು ಹೊರತಂದಿತು. ಕಾರ್ಕ್ ನಗರದ ಸೌತ್ ಮೇನ್ ಸ್ಟ್ರೀಟಿನ ಸರ್ ಹೆನ್ರೀಸ್ ಕ್ಲಬ್ಬಿಗೆ ಬೇರೆಯೇ ಮಹತ್ವವಿದೆ. 1991ರ ಆಗಸ್ಟ್ 20ರಂದು ಅಲ್ಲಿ ಅಮೆರಿಕದ ಸಾನಿಕ್ ಯೂತ್ ನುಡಿಸಿತು. ಅದಕ್ಕೂ ಮೊದಲು ವೇದಿಕೆಗೆ ಬಂದದ್ದು ನಿರ್ವಾಣ. ಅವರನ್ನು ಜಗತ್ಪ್ರಸಿದ್ಧಗೊಳಿಸಿದ 'ನೆವರ್‌ಮೈಂಡ್' ಆಲ್ಬಮ್ ಬರಲು ಇನ್ನೂ ಒಂದು ತಿಂಗಳಿತ್ತು. ಹೊರಗಿನ ಬ್ಯಾಂಡುಗಳ ಇಂಥ ರಾತ್ರಿಗಳು ದಂತಕಥೆಯಾಗುತ್ತವೆ ನಿಜ. ಊರಿನ ಹುಡುಗರಿಗೆ ಅದೇ ವೇದಿಕೆ ವಾರ ವಾರವೂ ಸಿಗುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ಸಂಗತಿ. 2003ರಲ್ಲಿ ಮುಚ್ಚಿದ ಆ ಕ್ಲಬ್ಬಿನ ಪೋಸ್ಟರು, ಟಿಕೆಟ್ಟು, ನೆನಪುಗಳನ್ನು ಕಲೆಹಾಕಿ 2014ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯ ಪ್ರದರ್ಶನವನ್ನೇ ಏರ್ಪಡಿಸಿತು.

ಇಲ್ಲೊಂದು ಬಲವಾದ ಆಕ್ಷೇಪಣೆ ಎದುರಾಗುತ್ತದೆ. ಕೋಣೆಗಳಷ್ಟೇ ಸಾಕಾಗಿದ್ದರೆ ಐರ್ಲೆಂಡಿನ ಒಳ್ಳೆಯ ಬ್ಯಾಂಡುಗಳೆಲ್ಲ ಊರು ಬಿಟ್ಟದ್ದೇಕೆ? 1983ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಮೈ ಬ್ಲಡಿ ವ್ಯಾಲೆಂಟೈನ್ ತನ್ನ ಮಹತ್ವದ ಕೆಲಸವನ್ನೆಲ್ಲ ಮಾಡಿದ್ದು ಲಂಡನ್ನಿನಲ್ಲಿ. ಕಾರ್ಕಿನ ಮೈಕ್ರೊಡಿಸ್ನಿ ಕೂಡ ಅಲ್ಲಿಗೇ ಹೋಯಿತು. ಈ ಮಾತು ನಿಜ, ಎಂಬತ್ತರ ದಶಕದ ನಿರುದ್ಯೋಗದಲ್ಲಿ ಬ್ಯಾಂಡುಗಳಷ್ಟೇ ಅಲ್ಲ, ಅವುಗಳ ಕೇಳುಗರೂ ಹಡಗು ಹತ್ತಿದ್ದರು. ಆದರೆ ಯಾವ ಹಂತದಲ್ಲಿ ಹೊರಟರು ಎಂಬುದನ್ನು ಗಮನಿಸಬೇಕು. ಕೂಡಿ ನುಡಿಸಲು ಕಲಿತದ್ದು ಊರಿನಲ್ಲೇ. ಆಲ್ಬಮ್ ಮಾಡಿಸುವ, ಹಂಚುವ, ವರ್ಷವಿಡೀ ಹೊಟ್ಟೆ ಹೊರೆಯುವ ಏರ್ಪಾಡು ಅಲ್ಲಿ ಇರಲಿಲ್ಲವಾದ್ದರಿಂದ ಹೊರಟರು. ಸರಪಳಿಯ ಮೊದಲ ಕೊಂಡಿಗಳಿದ್ದವು, ಕೊನೆಯವು ಇರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಬೇರೆ ಬೇರೆ ಜನ ಆ ಕೊಂಡಿಗಳನ್ನು ಜೋಡಿಸುತ್ತ ಹೋದರು. ಡಬ್ಲಿನ್ನಿನ ಹೋಪ್ ಕಲೆಕ್ಟಿವ್ ಲಾಭದ ಆಸೆಯಿಲ್ಲದೆ ಅಗ್ಗದ ಟಿಕೆಟ್ಟಿನ ಕಾರ್ಯಕ್ರಮಗಳನ್ನು ನಡೆಸಿ, ಬಂದ ಬ್ಯಾಂಡುಗಳಿಗೆ ಮನೆಯಲ್ಲೇ ಊಟ ಹಾಕಿತು. 1989ರಲ್ಲಿ ವೆಕ್ಸ್‌ಫರ್ಡ್ ಸ್ಟ್ರೀಟಿನ ವೇಲನ್ಸ್ ಪಬ್ಬಿನ ಹಿಂಗೋಣೆ ಸಂಗೀತದ ವೇದಿಕೆಯಾಯಿತು. ಇವತ್ತಿಗೂ ಪ್ರತಿ ಜನವರಿಯಲ್ಲಿ ಅಲ್ಲಿ ಹೊಸಬರದ್ದೇ ಉತ್ಸವ ನಡೆಯುತ್ತದೆ. ದೊಡ್ಡ ಕಂಪನಿಯ ಒಪ್ಪಂದವಿದ್ದ ಬ್ಯಾಂಡನ್ನು ಬಿಟ್ಟು ಬಂದ ಡೇಮಿಯನ್ ರೈಸ್ 2002ರಲ್ಲಿ ತನ್ನದೇ ಲೇಬಲ್ಲಿನಿಂದ 'ಓ' ಹೊರತಂದದ್ದು ಐರ್ಲೆಂಡಿನಲ್ಲಿ ಕೂತೇ ಜಗತ್ತನ್ನು ತಲುಪಬಹುದೆಂದು ತೋರಿಸಿಕೊಟ್ಟಿತು. ಮಾರಾಟದ ಲೆಕ್ಕ ನೋಡದೆ ವರ್ಷದ ಐರಿಷ್ ಆಲ್ಬಮನ್ನು ಆರಿಸುವ ಚಾಯ್ಸ್ ಮ್ಯೂಸಿಕ್ ಪ್ರೈಜ್ 2005ರಿಂದ ಬಂತು. ಅದರ ಮೊದಲ ವಿಜೇತೆ ಜೂಲಿ ಫೀನಿ ಆಲ್ಬಮನ್ನು ತಾವೇ ಹೊರತಂದಿದ್ದರು.

ಈಗ ಕೇಳಬೇಕಾದ ಬ್ಯಾಂಡುಗಳ ಮಾತು. ಇವನ್ನು ಊರಿನ ಲೆಕ್ಕದಲ್ಲಿ ಹೇಳುವುದೇ ಸರಿ, ಏಕೆಂದರೆ ಊರಿನ ಕೋಣೆಗಳಿಂದಲೇ ಇವು ಬಂದಿವೆ. ಡಬ್ಲಿನ್, ಬೆಲ್‌ಫಾಸ್ಟ್ ನಡುವೆ ಗಡಿಗೆ ಅಂಟಿಕೊಂಡಿರುವ ಡಂಡಾಕ್ ಊರಿನ ಜಸ್ಟ್ ಮಸ್ಟರ್ಡ್, 2018ರಲ್ಲಿ ಅಲ್ಲಿಯದೇ ಪಿಜ್ಜಾ ಪಿಜ್ಜಾ ರೆಕಾರ್ಡ್ಸ್ ಎಂಬ ಲೇಬಲ್ಲಿನಿಂದ 'ವೆನ್ಸ್‌ಡೇ' ತಂದಿತು. ಅವರ 2022ರ 'ಹಾರ್ಟ್ ಅಂಡರ್' ಆಲ್ಬಮಿನಲ್ಲಿ ಗಿಟಾರುಗಳು ಗಿಟಾರಿನಂತೆ ಕೇಳಿಸುವುದೇ ಅಪರೂಪ. ಕಬ್ಬಿಣ ಉಜ್ಜಿದಂಥ ಚೀತ್ಕಾರ ಒಮ್ಮೆ, ದೂರದ ಸೈರನ್ನಿನಂಥ ಏರಿಳಿತ ಇನ್ನೊಮ್ಮೆ. ರಾಗವನ್ನು ಹೊರುವ ಕೆಲಸ ಬಾಸ್ ಗಿಟಾರಿನದು, ಆ ಗದ್ದಲದ ನಡುವೆ ಕೇಟಿ ಬಾಲ್ ದನಿ ಏರಿಸದೆ ಹಾಡುತ್ತಾರೆ. ಗದ್ದಲ ಮತ್ತು ಮೆಲುದನಿ ಒಂದನ್ನೊಂದು ಮುಚ್ಚಿಹಾಕದಂತೆ ಅಳತೆ ಮಾಡಿರುವ ಈ ಜಾಣ್ಮೆ ನೂರಿನ್ನೂರು ಜನರೆದುರು ಮತ್ತೆ ಮತ್ತೆ ನುಡಿಸಿದವರಿಗೆ ಮಾತ್ರ ಒಲಿಯುವಂಥದು. ಕಾರ್ಕಿನ ದಿ ಆಲ್ಟರ್ಡ್ ಅವರ್ಸ್ 2016ರ 'ಇನ್ ಹೀಟ್ ನಾಟ್ ಸಾರಿ'ಯಲ್ಲಿ ನಿಧಾನವಾದ, ಮಂಪರು ಕವಿದಂಥ ರಾಕ್ ನುಡಿಸುತ್ತದೆ. ಅದರ ಗಾಯಕಿ ಇಲೇನ್ ಹೌಲಿ 2022ರಲ್ಲಿ ತಂದ ಒಂಟಿ ಆಲ್ಬಮ್ ಬೆಲ್‌ಫಾಸ್ಟಿನ ಸಣ್ಣ ಲೇಬಲ್ಲಿನದು. ಗಾಲ್ವೇಯ ರೋಶೀನ್ ಡುವ್ ಪಬ್ಬಿನಲ್ಲಿ ಸ್ಟ್ರೇಂಜ್ ಬ್ರೂ ಹೆಸರಿನ ಸಂಗೀತದ ರಾತ್ರಿಗಳು ಬೆಳೆದು ಅದೇ ಹೆಸರಿನ ಲೇಬಲ್ಲಾದವು. ಕೆರಿ ಜಿಲ್ಲೆಯ ಜೂನಿಯರ್ ಬ್ರದರ್ ಮೊದಲ ಆಲ್ಬಮ್ 'ಪುಲ್ ದಿ ರೈಟ್ ರೋಪ್' ತಂದದ್ದು ಆ ಲೇಬಲ್ಲಿನಿಂದ, 2019ರಲ್ಲಿ. ಕೈಯಲ್ಲಿ ಗಿಟಾರು, ಕಾಲಲ್ಲಿ ಟ್ಯಾಂಬರೀನ್, ಬಾಯಲ್ಲಿ ಹಳ್ಳಿಯ ಉಚ್ಚಾರವನ್ನು ಒಂದಿಷ್ಟೂ ತಿದ್ದದ ಹಾಡು. ಡಬ್ಲಿನ್ನಿನ ಗಿಲ್ಲಾ ಬ್ಯಾಂಡ್ ಗಿಟಾರುಗಳಿಂದಲೇ ಟೆಕ್ನೊ ಸಂಗೀತದ ಬಡಿತ ತೆಗೆಯುತ್ತದೆ. 2015ರ 'ಹೋಲ್ಡಿಂಗ್ ಹ್ಯಾಂಡ್ಸ್ ವಿತ್ ಜೇಮಿ' ಕೇಳಿದ ಮೇಲೆ ನಂತರದ ಡಬ್ಲಿನ್ ಬ್ಯಾಂಡುಗಳ ಕರ್ಕಶತೆಯ ಮೂಲ ತಿಳಿಯುತ್ತದೆ. ಅದರ ಬಾಸ್ ವಾದಕ ಡೇನಿಯಲ್ ಫಾಕ್ಸ್ ಸಿಲ್ವರ್‌ಬ್ಯಾಕ್ಸ್ ಬ್ಯಾಂಡಿನ 'ಫ್ಯಾಡ್', ಸ್ಪ್ರಿಂಟ್ಸ್ ಬ್ಯಾಂಡಿನ 'ಲೆಟರ್ ಟು ಸೆಲ್ಫ್' ಎರಡಕ್ಕೂ ನಿರ್ಮಾಪಕರು. ಒಂದು ಬ್ಯಾಂಡು ಕಲಿತದ್ದು ಮುಂದಿನದಕ್ಕೆ ದಾಟುವ ದಾರಿ ಇದು. ರಾಯಲ್ ಶೋಬ್ಯಾಂಡಿನ ಊರಾದ ವಾಟರ್‌ಫರ್ಡಿನಿಂದಲೇ ಬಂದ ಓ ಎಂಪರರ್ 2018ರಲ್ಲಿ 'ಜೇಸನ್' ಎಂಬ ಕೊನೆಯ ಆಲ್ಬಮ್ ತಂದು ಚಾಯ್ಸ್ ಪ್ರಶಸ್ತಿ ಪಡೆಯಿತು. ಒಂದೇ ಊರು, ಅರವತ್ತು ವರ್ಷಗಳ ಅಂತರ: ಅಂದು ಇತರರ ಹಾಡನ್ನು ಅಚ್ಚುಕಟ್ಟಾಗಿ ಒಪ್ಪಿಸಿದವರಿಗೆ ಕೀರ್ತಿ, ಇಂದು ಯಾರದನ್ನೂ ಹೋಲದ ಹಾಡಿಗೆ ಗೌರವ.

ಜನಪದದ ಪಾತ್ರವನ್ನು ನಾನು ಕಡೆಗಣಿಸುತ್ತಿದ್ದೇನೆ ಎಂದು ಕೆಲವರು ಹೇಳಬಹುದು. ಲ್ಯಾಂಕಮ್ 2023ರಲ್ಲಿ ತಂದ 'ಫಾಲ್ಸ್ ಲ್ಯಾಂಕಮ್' ಹಳೆಯ ಹಾಡುಗಳನ್ನೂ ಗಾಢವಾದ ಶ್ರುತಿನಾದವನ್ನೂ ಬೆಸೆದು ಇಂಡಿ ಕೇಳುಗರನ್ನು ಗೆದ್ದಿತಲ್ಲವೇ? ಗೆದ್ದಿತು, ಮತ್ತು ಅದು ಈ ದಶಕದ ದೊಡ್ಡ ಆಲ್ಬಮುಗಳಲ್ಲೊಂದು. ಆದರೆ ಜನಪದವೂ ಗಾಳಿಯಲ್ಲಿ ಬದುಕುವುದಿಲ್ಲ. ಡಬ್ಲಿನ್ನಿನ ಸ್ಮಿತ್‌ಫೀಲ್ಡಿನಲ್ಲಿರುವ ಕಾಬಲ್‌ಸ್ಟೋನ್ ಪಬ್ಬಿನಂಥ ಕಡೆ, ಮೇಜಿನ ಸುತ್ತ ಕೂತು ಹಿರಿಯರೊಡನೆ ನುಡಿಸುತ್ತಲೇ ಅದು ಕಿರಿಯರಿಗೆ ಸಲ್ಲುತ್ತದೆ. ಆ ಜಾಗದಲ್ಲಿ ಬಹುಮಹಡಿ ಹೋಟೆಲು ಕಟ್ಟುವ ಪ್ರಸ್ತಾವ 2021ರಲ್ಲಿ ಬಂದಾಗ ಜನ ವಾದ್ಯಗಳೊಂದಿಗೆ ಬೀದಿಗಿಳಿದರು. ನವೆಂಬರಿನಲ್ಲಿ ನಗರಸಭೆ ಅನುಮತಿ ನಿರಾಕರಿಸಿತು. ಪರಂಪರೆ ರಕ್ತದಲ್ಲಿದ್ದರೆ ಕಟ್ಟಡಕ್ಕಾಗಿ ಯಾರೂ ಹೋರಾಡಬೇಕಿರಲಿಲ್ಲ. ಹಾಡು ಈಗ ಸ್ಟ್ರೀಮಿಂಗಿನಲ್ಲಿ ಎಲ್ಲಿಂದ ಬೇಕಾದರೂ ಸಿಗುವಾಗ ಊರು, ಕೋಣೆಗಳಿಗೇನು ಬೆಲೆ ಎನ್ನುವವರಿಗೂ ನನ್ನ ಉತ್ತರ ಇದೇ. ಸ್ಟ್ರೀಮಿಂಗ್ ಬಂದದ್ದರಿಂದ ಡಂಡಾಕ್ ಊರಿನ ಹಾಡನ್ನು ಧಾರವಾಡದಲ್ಲೂ ಕೇಳಬಹುದು, ಅದು ದೊಡ್ಡ ಉಪಕಾರ. ಆದರೆ ಅದು ತಲುಪಿಸುವುದು ಆಗಲೇ ಸಿದ್ಧವಾದ ಹಾಡನ್ನು. ಐದು ಜನ ಒಂದೆಡೆ ಸೇರಿ, ತಪ್ಪು ನುಡಿಸಿ, ಎದುರಿನವರ ಮುಖ ನೋಡಿ ತಿದ್ದಿಕೊಳ್ಳುವ ಜಾಗವನ್ನು ಅದು ಕೊಡಲಾರದು. ಒಂದು ಸ್ಟ್ರೀಮಿಗೆ ಪೈಸೆಗಳ ಲೆಕ್ಕದಲ್ಲಿ ಸಿಗುವ ಹಣ ಆ ಜಾಗದ ಬಾಡಿಗೆಗೂ ಸಾಲದು.

ಹಣದ ಮಾತು ಬಂದಾಗ ಮತ್ತೊಂದು ಆಕ್ಷೇಪಣೆ ಏಳುತ್ತದೆ: ಸರ್ಕಾರದ ನೆರವು ಪಡೆಯುವ ಬ್ಯಾಂಡುಗಳು ಸ್ವತಂತ್ರ ಹೇಗಾದಾವು? ಐರ್ಲೆಂಡ್ 1969ರಿಂದಲೇ ಲೇಖಕರು, ಸಂಗೀತ ರಚನಕಾರರ ಸೃಜನಶೀಲ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಟ್ಟಿದೆ. ಅದರಿಂದ ಹೆಚ್ಚು ಲಾಭವಾದದ್ದು ಹೆಚ್ಚು ಗಳಿಸಿದವರಿಗೆ, ಗಳಿಕೆಯೇ ಇಲ್ಲದ ಬ್ಯಾಂಡಿಗೆ ವಿನಾಯಿತಿ ಸಿಕ್ಕಿ ಏನು ಫಲ? ಈಗ ಆ ವಿನಾಯಿತಿಗೆ ವರ್ಷಕ್ಕೆ 50,000 ಯೂರೊ ಮಿತಿಯಿದೆ. 2022ರಲ್ಲಿ ಆರಂಭಿಸಿದ ಕಲಾವಿದರ ಮೂಲ ಆದಾಯ ಯೋಜನೆ ಇದಕ್ಕಿಂತ ನ್ಯಾಯವಾದದ್ದು: 2,000 ಕಲಾವಿದರಿಗೆ ವಾರಕ್ಕೆ 325 ಯೂರೊ, ಹಾಡು ಹೀಗೇ ಇರಬೇಕೆಂಬ ಷರತ್ತಿಲ್ಲ. 2025ರ ಅಕ್ಟೋಬರಿನಲ್ಲಿ ಸರ್ಕಾರ ಇದನ್ನು ಶಾಶ್ವತಗೊಳಿಸುವುದಾಗಿ ಪ್ರಕಟಿಸಿತು. ಬಾಲ್‌ರೂಮಿನ ಮಾಲೀಕ ಬ್ಯಾಂಡಿಗೆ ದುಡ್ಡನ್ನೂ ಕೊಟ್ಟ, ಹಾಡಿನ ಪಟ್ಟಿಯನ್ನೂ ಕೊಟ್ಟ. ಆ ಬ್ಯಾಂಡುಗಳು ಪರಾಧೀನವಾದದ್ದು ಪಟ್ಟಿಯಿಂದ, ದುಡ್ಡಿನಿಂದಲ್ಲ. ಸ್ವಾತಂತ್ರ್ಯವನ್ನು ಅಳೆಯಬೇಕಾದದ್ದು ಹಣ ಎಲ್ಲಿಂದ ಬಂತೆಂದು ನೋಡಿಯಲ್ಲ, ಹಣ ಕೊಟ್ಟವನು ಹಾಡಿಗೆ ಕೈ ಹಾಕುತ್ತಾನೆಯೇ ಎಂದು ನೋಡಿ.

ಅಪರಿಚಿತವಾದದ್ದೆಲ್ಲ ಒಳ್ಳೆಯದು ಎಂದು ಇದರರ್ಥವಲ್ಲ. ಹೆಸರು ಮಾಡದ ಬ್ಯಾಂಡುಗಳಲ್ಲಿ ಸಾಧಾರಣವಾದವೇ ಹೆಚ್ಚು, ಫಾಂಟೇನ್ಸ್ ಡಿ.ಸಿ. ಪಡೆದ ಕೀರ್ತಿ ಅದರ ಹಾಡುಗಳಿಗೆ ತಕ್ಕದ್ದೇ. ಆದರೆ ಪ್ರಸಿದ್ಧರನ್ನು ಮಾತ್ರ ಕೇಳಿದವರಿಗೆ ಪ್ರತಿಭೆ ಆಕಸ್ಮಿಕವಾಗಿ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಒಲಿಯುತ್ತದೆ ಎಂಬ ಭ್ರಮೆ ಉಳಿಯುತ್ತದೆ. ಫಾಂಟೇನ್ಸ್ ಹಿಂದೆ ಗಿಲ್ಲಾ ಬ್ಯಾಂಡ್ ಇದೆ, ಅವರಿಬ್ಬರ ಹಿಂದೆ ವೇಲನ್ಸ್‌ನಂಥ ಹಿಂಗೋಣೆಗಳಿವೆ, ಅವುಗಳ ಹಿಂದೆ ಕಾಗದ ಮಡಿಸಿ ರೆಕಾರ್ಡಿಗೆ ಹೊದಿಕೆ ಮಾಡಿದವರ ಧೈರ್ಯವಿದೆ. ಅದಕ್ಕಾಗಿಯೇ 'ಹಾರ್ಟ್ ಅಂಡರ್', 'ಪುಲ್ ದಿ ರೈಟ್ ರೋಪ್', 'ಜೇಸನ್' ಆಲ್ಬಮುಗಳನ್ನು ಕೇಳಿ ಎಂದು ಒತ್ತಾಯಿಸುತ್ತೇನೆ; ಮೂರೂ ಸೊಗಸಾಗಿವೆ, ಜೊತೆಗೆ ಮೂರೂ ರಾಜಧಾನಿಯ ಹೊರಗಿನವರ ಕೆಲಸ. ಒಂದು ನಾಡಿನಲ್ಲಿ ಹೊಸ ಹಾಡು ಹುಟ್ಟಬೇಕಾದರೆ ಆ ನಾಡು ಮೊದಲು ಕಾಪಾಡಿಕೊಳ್ಳಬೇಕಾದದ್ದು ಅಗ್ಗದ ಬಾಡಿಗೆಯ ಒಂದು ಕೋಣೆ, ಸೋಲಲು ಅವಕಾಶ ಕೊಡುವ ಒಬ್ಬ ಯಜಮಾನ, ಗೊತ್ತಿಲ್ಲದ ಹಾಡನ್ನು ನಿಂತು ಕೇಳುವ ನೂರು ಜನ. ಪ್ರತಿಭೆ ಎಲ್ಲ ನಾಡಿನಲ್ಲೂ ಇರುತ್ತದೆ. ಐರ್ಲೆಂಡ್ ಅದಕ್ಕೆ ಜಾಗ ಮಾಡಿಕೊಡಲು ಕಲಿತಿದೆ, ಆ ಜಾಗವನ್ನು ಉಳಿಸಿಕೊಳ್ಳಲು ಹೋರಾಡುತ್ತಲೂ ಇದೆ.